ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ನಿಮಗೆ ಬೇಕಾದ ಸೌಂಡ್ ಕಾರ್ಡೇ ಕೆಲಸ ಮಾಡಲಿ: ಸಮಗ್ರ ಮಾರ್ಗದರ್ಶಿ

ನಮ್ಮ ಅತ್ತೆ ಗದಗಿನವರು. ಬೀಸುವ ಪದ, ಸೋಬಾನ ಪದ, ದಾಸರ ಪದ ಎಲ್ಲ ಅವರಿಗೆ ಬಾಯಿಪಾಠ. ಬರೆದಿಟ್ಟದ್ದು ಒಂದೂ ಇಲ್ಲ. ಒಮ್ಮೆ ಧಾರವಾಡಕ್ಕೆ ಬಂದಾಗ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಕೂತು ಒಂದೂವರೆ ಗಂಟೆ ಹಾಡಿದರು. ಎದುರಿಗೆ ಒಳ್ಳೆಯ ಮೈಕ್ ಇಟ್ಟಿದ್ದೆ. ಮೈಕ್‌ನ ತಂತಿ ಯುಎಸ್‌ಬಿ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಲಿನಕ್ಸ್ ಕಂಪ್ಯೂಟರ್‌ಗೆ. ಪರದೆಯ ಮೇಲೆ ಮೀಟರ್ ಕುಣಿಯುತ್ತಿತ್ತು. ಎಲ್ಲ ಸರಿ ಇದೆ ಅಂದುಕೊಂಡೆ.

ಸಂಜೆ ಹಾಕಿ ಕೇಳಿದರೆ, ದೂರದ ಬಾವಿಯಿಂದ ಬಂದಂತೆ ಧ್ವನಿ. ಮೇಲೆ ಫ್ಯಾನಿನ ಗರಗರ. "ಏನಪಾ ಇದು, ನನ್ನ ಹಾಡಿಗಿಂತ ಫ್ಯಾನಿನ ಸಪ್ಪಳನ ಜಾಸ್ತಿ ಅದಲ್ಲ" ಅಂದರು ಅತ್ತೆ. ಆಗಿದ್ದೇನು ಅಂದರೆ, ಮಧ್ಯಾಹ್ನ ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಶುರುವಾಗಿತ್ತು. ಆಗ ಲಿನಕ್ಸ್ ನನ್ನ ಒಳ್ಳೆಯ ಕಾರ್ಡ್ ಬಿಟ್ಟು ಮಾನಿಟರ್ ಮೇಲಿನ ವೆಬ್‌ಕ್ಯಾಮ್ ಮೈಕನ್ನು ಆರಿಸಿಕೊಂಡಿತ್ತು. ವೆಬ್‌ಕ್ಯಾಮ್‌ಗೂ ಅತ್ತೆಯ ಧ್ವನಿ ಕೇಳಿಸುತ್ತಿತ್ತು. ಹಾಗಾಗಿ ಮೀಟರ್ ಕುಣಿಯುತ್ತಲೇ ಇತ್ತು, ನನಗೆ ಅನುಮಾನ ಬರಲಿಲ್ಲ.

ಆ ಒಂದೂವರೆ ಗಂಟೆಯ ನಷ್ಟ ಇವತ್ತಿಗೂ ನನ್ನನ್ನು ಕಾಡುತ್ತದೆ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಕಾರ್ಡ್‌ನ ನಂಬರನ್ನು ನಂಬಬೇಡಿ, ಹೆಸರನ್ನು ನಂಬಿ. ನೀವಾಗಿ ಆರಿಸದೇ ಇದ್ದರೆ ಲಿನಕ್ಸ್ ತಾನಾಗಿ ಆರಿಸುತ್ತದೆ. ಅದು ಆರಿಸಿದ್ದು ಇವತ್ತು ಸರಿ ಇರಬಹುದು, ನಾಳೆ ತಪ್ಪಬಹುದು.

ಕಮಾಂಡ್ ಓದುವ ರೀತಿ

ಕೆಲವು ಕಡೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಲೇಬೇಕಾಗುತ್ತದೆ. ಗೆಳೆಯರಿಗೆ ಫೋನಿನಲ್ಲಿ ಹೇಳಿ ಬರೆಸುತ್ತೇವಲ್ಲ, ಹಾಗೆ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ. ಸ್ಪೇಸ್ ಎಲ್ಲಿ, ಹೈಫನ್ ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಇವು ಸ್ವಲ್ಪವೇ ಇವೆ, ಹೆಚ್ಚಿನ ಕೆಲಸ ಮೌಸ್‌ನಿಂದಲೇ ಆಗುತ್ತದೆ.

ಧ್ವನಿ ಯಾವ ದಾರಿಯಲ್ಲಿ ಹೋಗುತ್ತದೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ದಾರಿ ಗೊತ್ತಿದ್ದರೆ ಎಲ್ಲಿ ಕೆಟ್ಟಿದೆ ಅಂತ ಐದು ನಿಮಿಷದಲ್ಲಿ ಹಿಡಿಯಬಹುದು.

ಎಲ್ಲಕ್ಕಿಂತ ಕೆಳಗೆ ಅಲ್ಸಾ. ಇದು ಲಿನಕ್ಸ್ ಕರ್ನೆಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಭಾಗ. ಕಾರ್ಡ್‌ನ ಜೊತೆ ನೇರ ಮಾತಾಡುವುದು ಇದೇ. ಸೌಂಡ್ ಕಾರ್ಡ್‌ನ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಅಂತ ನಾವು ಹೇಳುವುದೆಲ್ಲ ಇದರ ಒಳಗೇ ಇರುತ್ತದೆ.

ಅದರ ಮೇಲೆ ಪೈಪ್‌ವೈರ್. ಬ್ರೌಸರ್, ಹಾಡು ಕೇಳುವ ಪ್ಲೇಯರ್, ರೆಕಾರ್ಡರ್ ಎಲ್ಲದರ ಧ್ವನಿಯನ್ನೂ ಬೆರೆಸಿ ಸರಿಯಾದ ಕಾರ್ಡ್‌ಗೆ ಕಳಿಸುವುದು ಇದರ ಕೆಲಸ. ಮುಂಚೆ ಈ ಜಾಗದಲ್ಲಿ ಪಲ್ಸ್‌ಆಡಿಯೋ ಇತ್ತು. ಲಿನಕ್ಸ್‌ನ ಹೆಸರಾದ ಬಗೆಗಳಲ್ಲಿ 2021ರಲ್ಲಿ ಬಂದ ಫೆಡೋರಾ 34 ಮೊದಲು ಪೈಪ್‌ವೈರ್‌ಗೆ ಬದಲಾಯಿತು. ಆಮೇಲೆ ಉಬುಂಟು 22.10, ಲಿನಕ್ಸ್ ಮಿಂಟ್ 22 ಕೂಡ ಅದೇ ದಾರಿ ಹಿಡಿದವು.

ಪೈಪ್‌ವೈರ್ ಪಕ್ಕದಲ್ಲಿ ವೈರ್‌ಪ್ಲಂಬರ್ ಅಂತ ಒಂದು ಇದೆ. ಯಾವ ಕಾರ್ಡ್ ಮುಖ್ಯ, ಯಾವ ಪ್ರೋಗ್ರಾಂ ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಇದೇ. ನಮ್ಮ ಜಗಳವೆಲ್ಲ ಹೆಚ್ಚಾಗಿ ಇದರ ಜೊತೆ.

ನಿಮ್ಮಲ್ಲಿ ಯಾವುದು ಇದೆ ಅಂತ ತಿಳಿಯಲು ‘ಪಿಎಸಿಟಿಎಲ್, ಸ್ಪೇಸ್, ಇನ್ಫೋ’ ಅಂತ ಕೊಡಿ. ಸರ್ವರ್ ನೇಮ್ ಅನ್ನುವ ಸಾಲಿನಲ್ಲಿ ಪೈಪ್‌ವೈರ್ ಅಂತ ಕಂಡರೆ ಈ ಬರಹ ಪೂರ್ತಿ ನಿಮಗೆ ಹೊಂದುತ್ತದೆ. ಬರೀ ಪಲ್ಸ್‌ಆಡಿಯೋ ಅಂತಿದ್ದರೂ ಬಹುಪಾಲು ಹೊಂದುತ್ತದೆ, ಪೈಪ್‌ವೈರ್, ವೈರ್‌ಪ್ಲಂಬರ್ ಮಾತು ಬಂದಲ್ಲಿ ಮಾತ್ರ ಬಿಟ್ಟುಬಿಡಿ.

ಇನ್ನೂ ಕಾರ್ಡ್ ಕೊಂಡಿಲ್ಲವೆ?

ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತು "ಇದು ಲಿನಕ್ಸ್‌ಗೆ ನಡೆಯುತ್ತಾ?" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಬೇರೆ ಪ್ರಶ್ನೆ ಕೇಳಿ: "ಐಪ್ಯಾಡ್‌ಗೆ ಹಾಕಿದರೆ ಡ್ರೈವರ್ ಇಲ್ಲದೆ ನಡೆಯುತ್ತಾ?" ಹೌದು ಅಂದರೆ ಲಿನಕ್ಸ್‌ನಲ್ಲೂ ಬಹುತೇಕ ನಡೆಯುತ್ತದೆ. ಯಾಕೆಂದರೆ ಅಂಥ ಕಾರ್ಡ್‌ಗಳು ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮಕ್ಕೆ ಒಪ್ಪಿರುತ್ತವೆ. ಡಬ್ಬದ ಮೇಲೆ ‘ಕ್ಲಾಸ್ ಕಂಪ್ಲೈಂಟ್’ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಆ ನಿಯಮಕ್ಕೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಸಿಡಿ ಹಾಕಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅಂಗಡಿಯವರು ಒಪ್ಪಿದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಒಯ್ದು ಅಲ್ಲೇ ಹಾಕಿ ನೋಡಿ.

ಒಂದು ಎಚ್ಚರಿಕೆ. ಪೆನ್‌ಡ್ರೈವ್‌ನಷ್ಟೇ ಇರುವ ಅಗ್ಗದ ಯುಎಸ್‌ಬಿ ಡಾಂಗಲ್‌ಗಳು ಹಾಡು ಕೇಳಲು ಪರವಾಗಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಮೈಕ್ ತೂತು ಮೋನೋ, ಅಂದರೆ ಒಂದೇ ಚಾನೆಲ್. ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಬೇಕು ಅಂದರೆ ಎಡ, ಬಲ ಎರಡೂ ಬೇಕು. ಅದಕ್ಕೆ ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸನ್ನೇ, ಅಂದರೆ ರೆಕಾರ್ಡಿಂಗ್‌ಗೆಂದೇ ಮಾಡಿದ ಹೊರಗಿನ ಸೌಂಡ್ ಕಾರ್ಡನ್ನೇ, ಕೊಳ್ಳಿ.

ಹೆಜ್ಜೆ 1: ಕಾರ್ಡ್ ಕಾಣಿಸುತ್ತಿದೆಯಾ?

ಕಾರ್ಡ್ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಹಿಂದಿನ ಯುಎಸ್‌ಬಿ ಕಿಂಡಿಗೆ ನೇರವಾಗಿ ಹಾಕಿ. ಮುಂದಿನ ಕಿಂಡಿ ಅಥವಾ ಹಬ್ ಈಗ ಬೇಡ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಕೊಡಿ, ಎಲ್ಲ ಒಟ್ಟಿಗೆ, ಸ್ಪೇಸ್ ಇಲ್ಲ. ಬರುವ ಪಟ್ಟಿಯಲ್ಲಿ ಕಾರ್ಡ್‌ನ ಕಂಪನಿ ಹೆಸರೋ ಚಿಪ್‌ನ ಹೆಸರೋ ಇರಬೇಕು. ಕೆಲವು ಕಾರ್ಡ್‌ಗಳು ತಮ್ಮ ಬ್ರ್ಯಾಂಡ್ ಹೆಸರು ಹೇಳುವುದೇ ಇಲ್ಲ. ಬರೀ ‘ಯುಎಸ್‌ಬಿ ಆಡಿಯೋ ಕೋಡೆಕ್’ ಅಂತ ಚಿಪ್‌ನ ಹೆಸರಷ್ಟೇ ತೋರಿಸುತ್ತವೆ. ಗೊಂದಲ ಆದರೆ ಕಾರ್ಡ್ ತೆಗೆದು ಒಮ್ಮೆ, ಹಾಕಿ ಒಮ್ಮೆ ಪಟ್ಟಿ ನೋಡಿ. ಹೆಚ್ಚಾದ ಸಾಲೇ ನಿಮ್ಮ ಕಾರ್ಡ್.

ಇಲ್ಲೇ ಕಾಣಿಸದಿದ್ದರೆ ಸಾಫ್ಟ್‌ವೇರ್ ಕಡೆ ನೋಡಲೇಬೇಡಿ. ಕೇಬಲ್ ಬದಲಿಸಿ. ಮನೆಯಲ್ಲಿರುವ ಎಷ್ಟೋ ಕೇಬಲ್‌ಗಳು ಫೋನ್ ಚಾರ್ಜ್ ಮಾಡಲು ಮಾತ್ರ ಆಗುತ್ತವೆ, ಅವುಗಳಲ್ಲಿ ಡೇಟಾ ಹರಿಯುವುದಿಲ್ಲ. ಕಾರ್ಡ್ ಮೇಲಿನ ದೀಪ ಉರಿಯುತ್ತದೆ, ಕಂಪ್ಯೂಟರ್‌ಗೆ ಮಾತ್ರ ಏನೂ ಕಾಣಿಸುವುದಿಲ್ಲ. ಕಾರ್ಡ್ ಜೊತೆ ಬಂದ ಕೇಬಲ್‌ಗೆ ಬೇರೆ ಬಣ್ಣದ ಟೇಪ್ ಸುತ್ತಿಡಿ, ಫೋನಿನ ಕೇಬಲ್‌ಗಳ ಜೊತೆ ಬೆರೆಯದಿರಲಿ.

ಈಗ ಎರಡನೇ ಕಮಾಂಡ್: ‘ಎಪ್ಲೇ, ಸ್ಪೇಸ್, ಹೈಫನ್, ಎಲ್’. ಎ ಅಕ್ಷರಕ್ಕೆ ಅಂಟಿಕೊಂಡೇ ಪ್ಲೇ ಅನ್ನುವ ಪದ ಬರೆಯಬೇಕು. ಇದು ಅಲ್ಸಾಗೆ ಕಾಣುವ ಕಾರ್ಡ್‌ಗಳ ಪಟ್ಟಿ. ಧ್ವನಿ ಒಳಗೆ ತರುವ ಕಾರ್ಡ್‌ಗಳಿಗೆ ‘ಎರೆಕಾರ್ಡ್’, ಅಂದರೆ ಎ ಅಕ್ಷರ, ಅಂಟಿಕೊಂಡು ರೆಕಾರ್ಡ್, ಮತ್ತೆ ಅದೇ ಹೈಫನ್ ಎಲ್.

ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಹೊಸ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಕಾರ್ಡೇ ಕಾಣಿಸದೆ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಬಂದರೆ, ಸೌಂಡ್ ಓಪನ್ ಫರ್ಮ್‌ವೇರ್ ಅನ್ನುವ ಪ್ಯಾಕೇಜ್ ಇಲ್ಲದಿರುವುದು ಸಾಮಾನ್ಯ ಕಾರಣ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಎಸ್‌ಒಎಫ್’ ಅಂತ ಹುಡುಕಿ ಹಾಕಿಕೊಳ್ಳಿ, ಕಂಪ್ಯೂಟರ್ ಮತ್ತೆ ಶುರು ಮಾಡಿ.

ಹೆಜ್ಜೆ 2: ಹೆಸರು ಬರೆದುಕೊಳ್ಳಿ

ನನ್ನ ಡೆಸ್ಕ್‌ಟಾಪ್‌ನಲ್ಲಿ ನಾಲ್ಕು ಕಾರ್ಡ್‌ಗಳಿವೆ. ನಾನು ಕೊಂಡಿದ್ದು ಒಂದೇ. ಮದರ್‌ಬೋರ್ಡ್‌ನಲ್ಲೇ ಬಂದ ರಿಯಲ್‌ಟೆಕ್ ಒಂದು. ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ ಇನ್ನೊಂದು, ಅದು ಧ್ವನಿಯನ್ನು ಮಾನಿಟರ್‌ಗೆ ಕಳಿಸುತ್ತದೆ. ವೆಬ್‌ಕ್ಯಾಮ್‌ನ ಮೈಕ್ ಮೂರನೇದು. ನಾಲ್ಕನೇದು ನನ್ನ ಯುಎಸ್‌ಬಿ ಇಂಟರ್‌ಫೇಸ್. ಹೊಸ ಲಿನಕ್ಸ್ ಹಾಕಿದಾಗ "ಧ್ವನಿಯೇ ಬರುತ್ತಿಲ್ಲ" ಅನ್ನುವವರ ಮನೆಯಲ್ಲಿ ಎಷ್ಟೋ ಸಲ ಧ್ವನಿ ಬರುತ್ತಲೇ ಇರುತ್ತದೆ, ಸ್ಪೀಕರ್ ಇಲ್ಲದ ಮಾನಿಟರ್‌ಗೆ ಹೋಗುತ್ತಿರುತ್ತದೆ ಅಷ್ಟೇ.

ಎಪ್ಲೇ ಪಟ್ಟಿಯಲ್ಲಿ ಪ್ರತಿ ಕಾರ್ಡ್‌ಗೆ ಒಂದು ನಂಬರ್, ಅದರ ಪಕ್ಕ ಒಂದು ಚಿಕ್ಕ ಹೆಸರು ಇರುತ್ತದೆ. ಕಾರ್ಡ್ 0 ಪಿಸಿಎಚ್, ಕಾರ್ಡ್ 1 ಎನ್‌ವಿಡಿಯಾ, ಹೀಗೆ. ನಂಬರ್ ಸಿಗುವುದು ಯಾವ ಕಾರ್ಡ್‌ನ ಡ್ರೈವರ್ ಮೊದಲು ಎದ್ದಿತು ಅನ್ನುವುದರ ಮೇಲೆ. ಹುಬ್ಬಳ್ಳಿ ಜಂಕ್ಷನ್‌ನಲ್ಲಿ ನಿಮ್ಮ ಗಾಡಿ ಇವತ್ತು ಒಂದನೇ ಪ್ಲಾಟ್‌ಫಾರ್ಮ್‌ಗೆ ಬಂದರೆ ನಾಳೆ ಮೂರನೇದಕ್ಕೆ ಬರಬಹುದು. ಗಾಡಿಯ ಹೆಸರು ಮಾತ್ರ ಅದೇ ಅಲ್ವಾ? ನಾವು ಬೋರ್ಡ್ ಓದಿ ಹತ್ತುತ್ತೇವೆ, ನಿನ್ನೆಯ ಪ್ಲಾಟ್‌ಫಾರ್ಮ್ ನೆನಪಿಟ್ಟು ಹತ್ತುವುದಿಲ್ಲ. ಇಲ್ಲಿಯೂ ಹಾಗೇ. ಚಿಕ್ಕ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಹೆಜ್ಜೆ 3: ಬಾಯಿ ಮುಚ್ಚಿದೆಯಾ ನೋಡಿ

‘ಅಲ್ಸಾಮಿಕ್ಸರ್’ ಅಂತ ಒಂದೇ ಪದ ಟೈಪ್ ಮಾಡಿ. ಟರ್ಮಿನಲ್‌ನಲ್ಲೇ ಉದ್ದುದ್ದ ಪಟ್ಟಿಗಳು ಬರುತ್ತವೆ. ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ. ಪಟ್ಟಿಯ ಕೆಳಗೆ ಎರಡು ಎಂ ಅಕ್ಷರ ಕಂಡರೆ ಆ ಚಾನೆಲ್ ಮ್ಯೂಟ್ ಆಗಿದೆ. ಅದರ ಮೇಲೆ ನಿಂತು ಎಂ ಕೀಲಿ ಒತ್ತಿದರೆ ಎರಡು ಸೊನ್ನೆ ಬರುತ್ತವೆ, ಬಾಯಿ ತೆರೆಯಿತು ಅಂತ. ಮೇಲಿನ ಬಾಣದ ಕೀಲಿಯಿಂದ ಏರಿಸಿ. ಎಫ್4 ಒತ್ತಿದರೆ ಒಳಗೆ ಬರುವ ಧ್ವನಿಯ ಪಟ್ಟಿ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

ಮದರ್‌ಬೋರ್ಡ್‌ನ ಕಾರ್ಡ್ ಬಳಸುವವರು ‘ಆಟೋ ಮ್ಯೂಟ್’ ಅನ್ನುವುದನ್ನು ನೋಡಿ. ಮುಂದೆ ಹೆಡ್‌ಫೋನ್ ಸಿಕ್ಕಿಸಿದ್ದರೆ ಹಿಂದಿನ ಸ್ಪೀಕರನ್ನು ಅದು ತಾನಾಗಿ ಮುಚ್ಚುತ್ತದೆ. ಯುಎಸ್‌ಬಿ ಇಂಟರ್‌ಫೇಸ್‌ಗಳಲ್ಲಿ ಎಷ್ಟೋ ಸಲ ಇಲ್ಲಿ ಏನೂ ಕಾಣಿಸುವುದಿಲ್ಲ. ಗಾಬರಿ ಬೇಡ. ಅವುಗಳ ಗುಂಡಿಗಳೆಲ್ಲ ಡಬ್ಬದ ಮೇಲೇ ಇವೆ.

ಹೆಜ್ಜೆ 4: ಪಾವುಕಂಟ್ರೋಲ್

ಈ ಇಡೀ ಬರಹದಲ್ಲಿ ಒಂದೇ ಒಂದು ಸಾಧನ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಅಂತ ಹುಡುಕಿ ಹಾಕಿಕೊಳ್ಳಿ. ಪ್ಯಾಕೇಜ್‌ನ ಹೆಸರು ಪಾವುಕಂಟ್ರೋಲ್. ಹೆಸರಲ್ಲಿ ಪಲ್ಸ್‌ಆಡಿಯೋ ಇದ್ದರೂ ಪೈಪ್‌ವೈರ್ ಜೊತೆ ಚೆನ್ನಾಗಿಯೇ ನಡೆಯುತ್ತದೆ. ಡೆಸ್ಕ್‌ಟಾಪ್‌ನ ಸಾಮಾನ್ಯ ಸೌಂಡ್ ಸೆಟ್ಟಿಂಗ್ಸ್ ಅರ್ಧ ವಿಷಯ ಮುಚ್ಚಿಡುತ್ತದೆ, ಇದು ಎಲ್ಲ ತೋರಿಸುತ್ತದೆ.

ತೆರೆದು ಮೊದಲು ಕೊನೆಯ ಟ್ಯಾಬ್‌ಗೆ ಹೋಗಿ, ಅದು ಕಾನ್ಫಿಗರೇಶನ್. ಇಲ್ಲಿ ನಿಮ್ಮ ಎಲ್ಲ ಕಾರ್ಡ್‌ಗಳೂ ಸಾಲಾಗಿ ಇವೆ. ಪ್ರತಿಯೊಂದಕ್ಕೂ ಒಂದು ಪ್ರೊಫೈಲ್ ಇದೆ, ಅಂದರೆ ಕಾರ್ಡ್ ಯಾವ ರೀತಿ ಕೆಲಸ ಮಾಡಬೇಕು ಅನ್ನುವ ಆಯ್ಕೆ.

ನಿಮಗೆ ಬೇಕಾದ ಕಾರ್ಡ್‌ಗೆ ‘ಅನಲಾಗ್ ಸ್ಟೀರಿಯೋ ಡ್ಯುಪ್ಲೆಕ್ಸ್’ ಅಥವಾ ಅದರಂಥದ್ದನ್ನು ಆರಿಸಿ. ಡ್ಯುಪ್ಲೆಕ್ಸ್ ಅಂದರೆ ಒಳಗೂ ಹೊರಗೂ ಎರಡೂ ದಾರಿ. ಬರೀ ಔಟ್‌ಪುಟ್ ಪ್ರೊಫೈಲ್ ಇದ್ದರೆ ಮೈಕ್ ಎಲ್ಲಿಯೂ ಕಾಣಿಸುವುದಿಲ್ಲ. "ಹಾಡು ಕೇಳಿಸುತ್ತದೆ, ಮೈಕ್ ಇಲ್ಲ" ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ನಾಲ್ಕು, ಎಂಟು ಇನ್‌ಪುಟ್ ಇರುವ ದೊಡ್ಡ ಇಂಟರ್‌ಫೇಸ್ ನಿಮ್ಮದಾದರೆ ‘ಪ್ರೊ ಆಡಿಯೋ’ ಆರಿಸಿ. ತಬಲಾ, ಹಾರ್ಮೋನಿಯಂ, ಗಾಯನ ಎಲ್ಲಕ್ಕೂ ಬೇರೆ ಬೇರೆ ಮೈಕ್ ಇಟ್ಟಾಗ ಪ್ರತಿ ಚಾನೆಲ್ಲೂ ಬೇರೆಯಾಗಿ ಸಿಗುತ್ತದೆ.

ಎಂದೂ ಬಳಸದ ಕಾರ್ಡ್‌ಗೆ ‘ಆಫ್’ ಕೊಡಿ. ನನ್ನ ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ ಆಫ್, ವೆಬ್‌ಕ್ಯಾಮ್ ಮೈಕ್ ಆಫ್. ಇದು ಉಳಿದುಕೊಳ್ಳುತ್ತದೆ, ಕಂಪ್ಯೂಟರ್ ಮತ್ತೆ ಶುರುವಾದರೂ ಹೋಗುವುದಿಲ್ಲ. ಆರಿಸಲು ಎರಡನೇ ಮೈಕೇ ಇಲ್ಲದಿದ್ದರೆ ತಪ್ಪು ಮೈಕ್ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಇಷ್ಟು ಮಾಡಿದ್ದರೆ ಅತ್ತೆಯ ಹಾಡು ಉಳಿಯುತ್ತಿತ್ತು.

ಬೇಡದ ಕಾರ್ಡ್‌ನ ಡ್ರೈವರನ್ನೇ ಕಪ್ಪುಪಟ್ಟಿಗೆ ಸೇರಿಸಿ, ಅಂದರೆ ಅದು ಏಳದಂತೆ ತಡೆಯಿರಿ ಎನ್ನುವ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ನಾನು ಬೇಡ ಅನ್ನುತ್ತೇನೆ. ಮದರ್‌ಬೋರ್ಡ್‌ನ ಧ್ವನಿ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ ಧ್ವನಿ ಸಾಮಾನ್ಯವಾಗಿ ಒಂದೇ ಡ್ರೈವರ್‌ನಿಂದ ನಡೆಯುತ್ತವೆ. ಒಂದನ್ನು ಮುಚ್ಚಲು ಹೋದರೆ ಎರಡೂ ಹೋಗುತ್ತವೆ. ಯುಎಸ್‌ಬಿ ಕಾರ್ಡ್‌ಗೆ ಸೊನ್ನೆ ನಂಬರ್ ಕಟ್ಟಿಹಾಕುವ ಉಪಾಯಕ್ಕೂ ಇದೇ ತೊಂದರೆ. ವೆಬ್‌ಕ್ಯಾಮ್‌ನ ಮೈಕ್ ಕೂಡ ಅದೇ ಯುಎಸ್‌ಬಿ ಆಡಿಯೋ ಡ್ರೈವರನ್ನೇ ಬಳಸುತ್ತದೆ. ಅದು ಮೊದಲು ಎದ್ದರೆ ಆ ಸೊನ್ನೆ ಅದಕ್ಕೇ ಹೋಗುತ್ತದೆ. ಪ್ರೊಫೈಲ್ ಆಫ್ ಮಾಡುವುದು ಸುರಕ್ಷಿತ, ಬೇಕೆಂದಾಗ ಒಂದು ಕ್ಲಿಕ್‌ನಲ್ಲಿ ವಾಪಸ್ ತರಬಹುದು.

ಹೆಜ್ಜೆ 5: ಇದೇ ನನ್ನ ಕಾರ್ಡ್ ಅಂತ ಹೇಳಿ

ಪಾವುಕಂಟ್ರೋಲ್‌ನ ಔಟ್‌ಪುಟ್ ಡಿವೈಸಸ್ ಟ್ಯಾಬ್‌ನಲ್ಲಿ ನಿಮ್ಮ ಕಾರ್ಡ್‌ನ ಬಲಕ್ಕೆ ಒಂದು ಟಿಕ್ ಗುರುತಿನ ಗುಂಡಿ ಇದೆ. ಅದನ್ನು ಒತ್ತಿ. ಇನ್‌ಪುಟ್ ಡಿವೈಸಸ್ ಟ್ಯಾಬ್‌ಗೆ ಹೋಗಿ ಅಲ್ಲಿಯೂ ಒತ್ತಿ. ಎರಡು ಕಡೆ, ಎರಡು ಸಲ. ಕೇಳುವ ಕಾರ್ಡ್ ಆರಿಸಿದ ಮಾತ್ರಕ್ಕೆ ಮೈಕ್ ತಾನಾಗಿ ಬದಲಾಗುವುದಿಲ್ಲ. ಇಲ್ಲಿ ‘ಮಾನಿಟರ್ ಆಫ್’ ಅಂತ ಶುರುವಾಗುವ ಸಾಲು ಕಂಡರೆ ಅದು ಮೈಕ್ ಅಲ್ಲ. ಕಂಪ್ಯೂಟರ್‌ನಿಂದ ಹೊರಗೆ ಹೋಗುತ್ತಿರುವ ಧ್ವನಿಯನ್ನೇ ವಾಪಸ್ ಹಿಡಿಯುವ ದಾರಿ ಅದು. ಅದನ್ನು ಆರಿಸಬೇಡಿ.

ನೀವೇ ಕೈಯಾರೆ ಆರಿಸಿದ ಮೇಲೆ ವೈರ್‌ಪ್ಲಂಬರ್ ಆ ಕಾರ್ಡನ್ನು ಹೆಸರಿನಿಂದ ನೆನಪಿಟ್ಟುಕೊಳ್ಳುತ್ತದೆ. ಕಾರ್ಡ್ ಕಿತ್ತರೆ ತಾತ್ಕಾಲಿಕವಾಗಿ ಬೇರೆಯದಕ್ಕೆ ಹೋಗುತ್ತದೆ, ಮತ್ತೆ ಸಿಕ್ಕಿಸಿದರೆ ವಾಪಸ್ ಬರುತ್ತದೆ. ನಾನು ಅವತ್ತು ಮಾಡದೇ ಬಿಟ್ಟದ್ದು ಇದನ್ನೇ. ಮೊದಲ ದಿನ ತಾನಾಗಿ ಸರಿ ಕಾರ್ಡ್ ಬಂದಿತ್ತು, ಹಾಗಾಗಿ ಒತ್ತುವ ಗೋಜಿಗೇ ಹೋಗಿರಲಿಲ್ಲ.

ಟರ್ಮಿನಲ್‌ನಲ್ಲಿ ಮಾಡುವವರಿಗೆ ‘ಡಬ್ಲ್ಯುಪಿಸಿಟಿಎಲ್, ಸ್ಪೇಸ್, ಸ್ಟೇಟಸ್’ ಇದೆ. ಪಟ್ಟಿಯಲ್ಲಿ ಸಿಂಕ್ಸ್ ಅಂದರೆ ಹೊರಗೆ, ಸೋರ್ಸಸ್ ಅಂದರೆ ಒಳಗೆ. ನಕ್ಷತ್ರ ಚಿಹ್ನೆ ಇರುವುದು ಈಗಿನ ಆಯ್ಕೆ. ಬೇಕಾದ ಸಾಲಿನ ನಂಬರ್ ನೋಡಿ ‘ಡಬ್ಲ್ಯುಪಿಸಿಟಿಎಲ್, ಸ್ಪೇಸ್, ಸೆಟ್ ಹೈಫನ್ ಡಿಫಾಲ್ಟ್, ಸ್ಪೇಸ್, ಆ ನಂಬರ್’ ಅಂತ ಕೊಡಿ. ಆದರೆ ಈ ನಂಬರ್ ಕೂಡ ಬದಲಾಗುತ್ತದೆ! ಇದನ್ನು ಯಾವುದೇ ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ. ಸ್ಕ್ರಿಪ್ಟ್ ಬೇಕೇ ಬೇಕು ಅಂದರೆ ‘ಪಿಎಸಿಟಿಎಲ್, ಸ್ಪೇಸ್, ಸೆಟ್ ಹೈಫನ್ ಡಿಫಾಲ್ಟ್ ಹೈಫನ್ ಸಿಂಕ್, ಸ್ಪೇಸ್’ ಆದಮೇಲೆ ಕಾರ್ಡ್‌ನ ಪೂರ್ತಿ ಉದ್ದದ ಹೆಸರು ಕೊಡಿ, ದೊಡ್ಡ ಅಕ್ಷರಗಳಿದ್ದರೆ ಅವನ್ನೂ ಇದ್ದಂತೆಯೇ. ಆ ಹೆಸರುಗಳು ‘ಪಿಎಸಿಟಿಎಲ್, ಸ್ಪೇಸ್, ಲಿಸ್ಟ್, ಸ್ಪೇಸ್, ಶಾರ್ಟ್, ಸ್ಪೇಸ್, ಸಿಂಕ್ಸ್’ ಅಂದರೆ ಸಿಗುತ್ತವೆ. ಮೈಕ್‌ಗೆ ಸಿಂಕ್ ಬದಲು ಸೋರ್ಸ್.

ಧ್ವನಿ ಬರುತ್ತಿದೆಯಾ ನೋಡಲು ‘ಸ್ಪೀಕರ್ ಹೈಫನ್ ಟೆಸ್ಟ್, ಸ್ಪೇಸ್, ಹೈಫನ್ ಸಿ, ಸ್ಪೇಸ್, 2, ಸ್ಪೇಸ್, ಹೈಫನ್ ಟಿ, ಸ್ಪೇಸ್, ಡಬ್ಲ್ಯುಎವಿ’. ಎಡ ಸ್ಪೀಕರ್‌ನಿಂದ ಎಡ ಅಂತ, ಬಲದಿಂದ ಬಲ ಅಂತ ಇಂಗ್ಲಿಷಿನಲ್ಲಿ ಕೂಗುತ್ತದೆ. ತಿರುವುಮುರುವಾಗಿದ್ದರೆ ತಂತಿ ಅದಲುಬದಲು ಆಗಿದೆ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ.

ಎಲ್ಲ ಸರಿ ಇದ್ದೂ ಕಾರ್ಡ್ ಪಾವುಕಂಟ್ರೋಲ್‌ನಲ್ಲಿ ಬರುತ್ತಿಲ್ಲವಾದರೆ ಕಂಪ್ಯೂಟರ್ ಬಂದ್ ಮಾಡಿ ಹಚ್ಚುವ ಬದಲು ಧ್ವನಿಯ ಪದರವನ್ನಷ್ಟೇ ಮತ್ತೆ ಎಬ್ಬಿಸಬಹುದು: ‘ಸಿಸ್ಟಂಸಿಟಿಎಲ್, ಸ್ಪೇಸ್, ಎರಡು ಹೈಫನ್ ಸೇರಿ ಯೂಸರ್, ಸ್ಪೇಸ್, ರೀಸ್ಟಾರ್ಟ್, ಸ್ಪೇಸ್, ಪೈಪ್‌ವೈರ್, ಸ್ಪೇಸ್, ಪೈಪ್‌ವೈರ್ ಹೈಫನ್ ಪಲ್ಸ್, ಸ್ಪೇಸ್, ವೈರ್‌ಪ್ಲಂಬರ್’. ಇದರ ಮೊದಲಿಗೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಪದ) ಹಾಕಬೇಡಿ. ಇದು ನಿಮ್ಮ ಬಳಕೆದಾರ ಖಾತೆಯಲ್ಲಿ ನಡೆಯುವ ಕೆಲಸ.

ಒಂದೊಂದು ಪ್ರೋಗ್ರಾಂಗೆ ಒಂದೊಂದು ನೆನಪು

ಮುಖ್ಯ ಕಾರ್ಡ್ ಬದಲಿಸಿದಿರಿ. ಆದರೂ ಬ್ರೌಸರ್ ಮಾತ್ರ ಹಳೇ ಕಾರ್ಡ್‌ಗೇ ಅಂಟಿಕೊಂಡಿದೆ. ಯಾಕೆ? ಎಂದೋ ಒಮ್ಮೆ ನೀವು ಅದನ್ನು ಆ ಕಾರ್ಡ್‌ಗೆ ಸರಿಸಿದ್ದಿರಿ. ವೈರ್‌ಪ್ಲಂಬರ್ ಅದನ್ನೂ ನೆನಪಿಟ್ಟಿದೆ. ಬ್ರೌಸರ್‌ನಲ್ಲಿ ಏನಾದರೂ ಹಚ್ಚಿ, ಪಾವುಕಂಟ್ರೋಲ್‌ನ ಪ್ಲೇಬ್ಯಾಕ್ ಟ್ಯಾಬ್‌ಗೆ ಹೋಗಿ, ಅಲ್ಲಿ ಕಾರ್ಡ್ ಬದಲಿಸಿ. ಧ್ವನಿ ನಡೆಯುತ್ತಿರುವಾಗ ಮಾತ್ರ ಆ ಸಾಲು ಕಾಣಿಸುತ್ತದೆ.

ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ ಬಳಸುವವರು ಕಾರ್ಡ್ ಸಿಕ್ಕಿಸಿದ ಮೇಲೆ ಆಡಾಸಿಟಿ ತೆರೆಯಿರಿ. ಮೊದಲೇ ತೆರೆದಿದ್ದರೆ ಆಡಿಯೋ ಸಾಧನಗಳನ್ನು ಮತ್ತೆ ಹುಡುಕುವ ‘ರೀಸ್ಕ್ಯಾನ್’ ಆಯ್ಕೆ ಮೆನುವಿನಲ್ಲಿದೆ. ಅದರ ಸಾಧನಗಳ ಉದ್ದನೆಯ ಪಟ್ಟಿ ನೋಡಿ ಹೆದರಬೇಡಿ. ಡಿಫಾಲ್ಟ್ ಅಥವಾ ಪೈಪ್‌ವೈರ್ ಅನ್ನುವುದನ್ನು ಆರಿಸಿ, ರೆಕಾರ್ಡ್ ಒತ್ತಿ. ಆಮೇಲೆ ಪಾವುಕಂಟ್ರೋಲ್‌ನ ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಆಡಾಸಿಟಿಯ ಎದುರು ಯಾವ ಕಾರ್ಡ್ ಹೆಸರಿದೆ ಅಂತ ಓದಿ. ಸತ್ಯ ಇರುವುದು ಅಲ್ಲಿ. ಆ ಟ್ಯಾಬ್ ನೋಡದೆ ನಾನೀಗ ಯಾರನ್ನೂ ಹಾಡಿಸುವುದಿಲ್ಲ.

ಒಂದೇ ಮೈಕ್ ಹಾಕಿದಾಗ ಧ್ವನಿ ಎಡ ಕಿವಿಯಲ್ಲಿ ಮಾತ್ರ ಬರುತ್ತದೆಯೇ? ಏನೂ ಕೆಟ್ಟಿಲ್ಲ. ಎರಡು ಇನ್‌ಪುಟ್ ಕಾರ್ಡ್‌ನಲ್ಲಿ ಮೊದಲನೇದು ಎಡ, ಎರಡನೇದು ಬಲ. ಆಡಾಸಿಟಿಯಲ್ಲಿ ಮೋನೋ ಆರಿಸಿ ರೆಕಾರ್ಡ್ ಮಾಡಿ.

ಮದರ್‌ಬೋರ್ಡ್‌ನ ಕಾರ್ಡ್ ಸುಮ್ನೆ ಆಫ್ ಮಾಡಬೇಡಿ

ಗದಗಿನ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಹೆಸರಾದದ್ದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿದ ಆ ಪರಂಪರೆಯ ಕಲಾವಿದರು ನಮ್ಮ ಭಾಗದ ಊರೂರಲ್ಲೂ ಇದ್ದಾರೆ. ಕಣ್ಣು ಕಾಣದವರಿಗೆ ಲಿನಕ್ಸ್‌ನಲ್ಲಿ ಓರ್ಕಾ ಅನ್ನುವ ಸ್ಕ್ರೀನ್ ರೀಡರ್ ಇದೆ, ಪರದೆಯ ಮೇಲಿದ್ದುದನ್ನು ಓದಿ ಹೇಳುತ್ತದೆ. ಅವರಿಗೆ ಸೌಂಡ್ ಕಾರ್ಡ್ ನಿಂತರೆ ಪರದೆಯೇ ಆರಿದಂತೆ. ಹಾಗಾಗಿ ಅಂಥವರ ಕಂಪ್ಯೂಟರ್ ಹೊಂದಿಸುವಾಗ ಮದರ್‌ಬೋರ್ಡ್‌ನ ಕಾರ್ಡ್ ಇರಲಿ. ಓರ್ಕಾ ಮಾತಾಡುತ್ತಿರುವಾಗ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಅದನ್ನು ಮದರ್‌ಬೋರ್ಡ್‌ನ ಕಾರ್ಡ್‌ಗೆ ಸರಿಸಿ, ಒಂದು ಕಿವಿಯ ಇಯರ್‌ಫೋನ್ ಸಿಕ್ಕಿಸಿ. ಹಾಡು, ತಂಬೂರಿ, ರೆಕಾರ್ಡಿಂಗ್ ಎಲ್ಲ ಯುಎಸ್‌ಬಿ ಕಾರ್ಡ್‌ನಲ್ಲಿ. ಓದುವ ಧ್ವನಿ ಮೈಕ್‌ಗೆ ಬೀಳುವುದಿಲ್ಲ, ಯುಎಸ್‌ಬಿ ಕಿತ್ತರೂ ಕಂಪ್ಯೂಟರ್ ಮಾತಾಡುತ್ತಲೇ ಇರುತ್ತದೆ.

ಚಟಪಟ, ತಡ, ಗುಂಯ್ ಅನ್ನುವ ಸದ್ದು

ಧ್ವನಿ ತುಂಡುತುಂಡಾದರೆ ಬಫರ್, ಅಂದರೆ ಧ್ವನಿಯನ್ನು ಕ್ಷಣಹೊತ್ತು ಕೂಡಿಡುವ ಜಾಗ, ಸಾಲುತ್ತಿಲ್ಲ ಅಂತ. ಪೈಪ್‌ವೈರ್‌ನ ಸಾಮಾನ್ಯ ಲೆಕ್ಕ ಸೆಕೆಂಡಿಗೆ 48,000 ಸ್ಯಾಂಪಲ್, ಒಂದು ಕಂತಿಗೆ 1024. ಅಂದರೆ ಸುಮಾರು 21 ಮಿಲಿಸೆಕೆಂಡ್. ಇದನ್ನು 256ಕ್ಕೆ ಇಳಿಸಿದರೆ ಸುಮಾರು 5 ಮಿಲಿಸೆಕೆಂಡ್, ಆದರೆ ಹಳೇ ಕಂಪ್ಯೂಟರ್ ಓಡಲಾರದೆ ಚಟಪಟ ಅನ್ನುತ್ತದೆ. ಕ್ಯಾಸೆಟ್ ಇಳಿಸುವಾಗ ತಡ ಆದರೇನು? 2048 ಇಡಿ: ‘ಪಿಡಬ್ಲ್ಯು ಹೈಫನ್ ಮೆಟಾಡೇಟಾ, ಸ್ಪೇಸ್, ಹೈಫನ್ ಎನ್, ಸ್ಪೇಸ್, ಸೆಟ್ಟಿಂಗ್ಸ್, ಸ್ಪೇಸ್, 0, ಸ್ಪೇಸ್, ಕ್ಲಾಕ್ ಡಾಟ್ ಫೋರ್ಸ್ ಹೈಫನ್ ಕ್ವಾಂಟಮ್, ಸ್ಪೇಸ್, 2048’. ಕೊನೆಯಲ್ಲಿ 2048ರ ಬದಲು 0 ಕೊಟ್ಟರೆ ಮೊದಲಿನಂತಾಗುತ್ತದೆ. ಹಾಡುವವರಿಗೆ ತಮ್ಮ ಧ್ವನಿ ತಡವಾಗಿ ಕೇಳಿಸುತ್ತಿದ್ದರೆ ಈ ಲೆಕ್ಕಕ್ಕೇ ಹೋಗಬೇಡಿ, ಇಂಟರ್‌ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ಧ್ವನಿ ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರುತ್ತದೆ.

ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿಹೋಗುವುದು, ನಿಂತ ಮೇಲೆ ‘ಟಪ್’ ಅನ್ನುವುದು ಬೇರೆ ವಿಷಯ. ಐದು ಸೆಕೆಂಡ್ ಧ್ವನಿ ಇಲ್ಲದಿದ್ದರೆ ವೈರ್‌ಪ್ಲಂಬರ್ ಕಾರ್ಡನ್ನು ಮಲಗಿಸುತ್ತದೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಪಾವುಕಂಟ್ರೋಲ್ ತೆರೆದೇ ಇಡಿ. ಅದರ ಮೀಟರ್ ಕೇಳುತ್ತಿರುವ ತನಕ ಮೈಕ್ ಮಲಗುವುದಿಲ್ಲ.

ಗುಂಯ್ ಅನ್ನುವ ಸದ್ದು ಬಹಳ ಸಲ ಲಿನಕ್ಸ್‌ನದೇ ಅಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ಆ ಗುಂಯ್ ಅದರದೇ. ಧಾರವಾಡದ ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ಥಿಂಗ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ. ಕಂಪ್ಯೂಟರ್, ಕ್ಯಾಸೆಟ್ ಡೆಕ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ, ಗುಂಯ್ ನಿಂತರೆ ಕಾರಣ ಸಿಕ್ಕಿತು. ಗುಂಯ್ ಹೋಗಲಿ ಅಂತ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ.

ಕ್ಯಾಸೆಟ್ ಇಳಿಸುವವರಿಗೆ

ಈ ಭಾಗದ ಎಷ್ಟೋ ಮನೆಗಳಲ್ಲಿ ಅಜ್ಜನ ಭಜನೆ, ಊರಿನ ಸಂಗೀತ ಸಭೆ, ಮದುವೆಯ ಹಾಡು ಕ್ಯಾಸೆಟ್‌ನಲ್ಲೇ ಉಳಿದಿವೆ. ಡೆಕ್‌ನ ಲೈನ್ ಔಟ್‌ನಿಂದ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ತಂತಿ ಕೊಡಿ, ಮೈಕ್ ಇನ್‌ಪುಟ್‌ಗೆ ಬೇಡ. ‘ಇನ್ಸ್ಟ್’ (ಇನ್‌ಸ್ಟ್ರುಮೆಂಟ್, ಅಂದರೆ ವಾದ್ಯ) ಮತ್ತು ‘ಲೈನ್’ ಅನ್ನುವ ಸ್ವಿಚ್ ಇದ್ದರೆ ಲೈನ್ ಕಡೆ ಇಡಿ. 48 ವೋಲ್ಟ್‌ನ ಫ್ಯಾಂಟಮ್ ಗುಂಡಿ ಆಫ್ ಇರಲಿ. ಅದು ಕಂಡೆನ್ಸರ್ ಮೈಕ್‌ಗೆ ಮಾತ್ರ.

ಮಟ್ಟವನ್ನು ಇಂಟರ್‌ಫೇಸ್‌ನ ಗುಂಡಿಯಿಂದಲೇ ಹೊಂದಿಸಿ, ಅತಿ ಜೋರಾದ ಜಾಗ ಮೀಟರ್‌ನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರಲಿ. ಕೆಂಪು ಮುಟ್ಟಿದರೆ ಆ ಜಾಗ ಮತ್ತೆ ಸರಿಯಾಗುವುದಿಲ್ಲ. 48 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಉಳಿಸುವಾಗ ಫ್ಲ್ಯಾಕ್ ಅನ್ನುವ ಫೈಲ್ ಬಗೆ ಆರಿಸಿ, ಗುಣ ಕಳೆಯದೆ ಗಾತ್ರ ಇಳಿಯುತ್ತದೆ. ಸಿ-60 ಕ್ಯಾಸೆಟ್ ಒಂದು ಬದಿಗೆ 30 ನಿಮಿಷ, ಸಿ-90 ಆದರೆ 45 ನಿಮಿಷ. ಅಷ್ಟು ಹೊತ್ತು ಕಂಪ್ಯೂಟರ್ ಮಲಗದಂತೆ ಪವರ್ ಸೆಟ್ಟಿಂಗ್ಸ್ ಬದಲಿಸಿಡಿ.

ಕೊನೆಯ ಪರೀಕ್ಷೆ

ಕಂಪ್ಯೂಟರ್ ಪೂರ್ತಿ ಆರಿಸಿ ಮತ್ತೆ ಹಚ್ಚಿ. ಯುಎಸ್‌ಬಿ ಕಿತ್ತು ಬೇರೆ ಕಿಂಡಿಗೆ ಹಾಕಿ. ಪಾವುಕಂಟ್ರೋಲ್‌ನಲ್ಲಿ ಎರಡೂ ಟಿಕ್ ಗುರುತು ನಿಮ್ಮ ಕಾರ್ಡ್ ಮೇಲೇ ಇವೆಯಾ ನೋಡಿ.

ಆಮೇಲೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಮಾತಾಡಬೇಡಿ, ಮಾತು ಎಲ್ಲ ಮೈಕ್‌ಗೂ ಕೇಳಿಸುತ್ತದೆ. ನಿಮ್ಮ ಮೈಕ್‌ನ ಜಾಲಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ವಾಪಸ್ ಹಾಕಿದಾಗ ಕರಕರ ಸದ್ದು ಕಿವಿಯ ಪಕ್ಕದಲ್ಲೇ ಕೇಳಿಸಿದರೆ ಅದೇ ಮೈಕ್ ಕೆಲಸ ಮಾಡುತ್ತಿದೆ. ಎಲ್ಲೋ ದೂರದಲ್ಲಿ ಕೇಳಿಸಿದರೆ, ಅಥವಾ ಕೇಳಿಸದೇ ಇದ್ದರೆ, ಬೇರೆ ಯಾವುದೋ ಮೈಕ್ ತೆರೆದಿದೆ. ಹೆಜ್ಜೆ 4ಕ್ಕೆ ವಾಪಸ್ ಹೋಗಿ.

ದೀಪಾವಳಿಗೆ ಅತ್ತೆ ಮತ್ತೆ ಬಂದಾಗ ಅವರನ್ನು ಕೂರಿಸುವ ಮೊದಲೇ ಜಾಲಿ ಕೆರೆದು ಕೇಳಿದೆ. ಫ್ಯಾನ್ ಆರಿಸಿದೆ. "ಈ ಸಲ ನನ್ನ ಧ್ವನಿ ಬರ್ತದೇನಪಾ?" ಅಂದರು. ಹೆಡ್‌ಫೋನ್ ಅವರ ಕಿವಿಗೇ ಇಟ್ಟೆ. ಒಂದು ನುಡಿ ಹಾಡಿ, ಕಣ್ಣು ಮುಚ್ಚಿಕೊಂಡು, ಎರಡನೇ ನುಡಿಗೆ ಹೋದರು.